ಬದುವಿನ ಜೇಡವನ್ನು ಪಕ್ಕಾ ತಪ್ಪಾಗಿ ಗುರುತಿಸುವ ವಿಧಾನ

ಮೊದಲು ಈ ಕೈಪಿಡಿ ಯಾರಿಗೆ ಎಂಬುದನ್ನು ತಿಳಿದುಕೊಳ್ಳಿ. ಶೀಗಿ ಹುಣ್ಣಿಮೆಯಿಂದ ಎಳ್ಳ ಅಮಾವಾಸ್ಯೆಯವರೆಗೆ ನರಗುಂದ ತಾಲ್ಲೂಕಿನ ಚಿಕ್ಕನರಗುಂದದ ಸುತ್ತ ಎರೆಹೊಲಗಳ ಬದುವಿನ ಮೇಲೆ ಮುಂಜಾನೆ ನಡೆದರೆ, ಕರಕಿ ಹುಲ್ಲಿನ ಮೇಲೆ ನೆಲಕ್ಕೆ ಸಮನಾಗಿ ಹಾಸಿದ ಬಲೆಗಳು ಕಾಣುತ್ತವೆ. ಬಲೆಯ ಒಂದು ಅಂಚು ಸೀಮೆಎಣ್ಣೆ ಸುರಿಯುವ ಲಾಳಿಕೆಯ ಹಾಗೆ ಒಳಕ್ಕೆ ಇಳಿದಿರುತ್ತದೆ. ಆ ತೂತಿನ ಬಾಯಲ್ಲಿ ಬೂದುಗಂದು ಬಣ್ಣದ ಜೇಡವೊಂದು ಮುಂಗಾಲು ಚಾಚಿ ಕುಳಿತಿರುತ್ತದೆ. ಹೊಲಕ್ಕೆ ಹೋಗುವವರೆಲ್ಲ ಅದನ್ನು ದಾಟಿಕೊಂಡೇ ಹೋಗುತ್ತಾರೆ. ಅದು ಯಾವ ಜೇಡ ಎಂದು ಅವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಿಲ್ಲವೆಂಬ ಕೊರಗೂ ಇಲ್ಲ. ಅಂಥ ನೆಮ್ಮದಿಯ ಜನಕ್ಕೆ ಈ ಕೈಪಿಡಿಯಿಂದ ಉಪಯೋಗವಿಲ್ಲ. ನೋಡುವ ಶ್ರಮ ಬೇಡ, ಹೇಳುವ ಗತ್ತು ಮಾತ್ರ ಬೇಕು ಎನ್ನುವವರು ಮುಂದೆ ಓದಿ. ಕೆಳಗಿನ ಕ್ರಮವನ್ನು ಚಾಚೂತಪ್ಪದೆ ಪಾಲಿಸಿದರೆ ಒಂದೇ ದಿನದಲ್ಲಿ ನೀವು ಊರಿನ ಜೇಡತಜ್ಞರಾಗಬಹುದು.

1. ಸಾಮಗ್ರಿ

ಮೊಬೈಲ್ ತೆಗೆದುಕೊಳ್ಳಿ. ಫ್ಲ್ಯಾಶ್ ಹಾಕಿಟ್ಟುಕೊಳ್ಳಿ. ಭೂತಗನ್ನಡಿ ಮನೆಯಲ್ಲೇ ಬಿಡಿ. ಅದನ್ನು ಹಿಡಿದರೆ ಜೇಡ ದೊಡ್ಡದಾಗಿ ಕಾಣುತ್ತದೆ, ಕಂಡರೆ ಅನುಮಾನ ಹುಟ್ಟುತ್ತದೆ. ನೋಟ್‌ಬುಕ್ಕೂ ಬೇಡ. ನಿನ್ನೆ ಹೇಳಿದ್ದಕ್ಕೂ ಇಂದು ಹೇಳಿದ್ದಕ್ಕೂ ತಾಳೆಯಿಲ್ಲ ಎಂದು ಅದು ಎಲ್ಲರೆದುರು ಒಪ್ಪಿಸಿಬಿಡುತ್ತದೆ.

ಪುಸ್ತಕಗಳಿಂದಂತೂ ದೂರವಿರಿ. ಪೊಕಾಕ್ ಎಂಬಾತ ಬ್ರಿಟಿಷ್ ಇಂಡಿಯಾದ ಜೇಡ-ಚೇಳುಗಳ ಬಗ್ಗೆ 1900ರಲ್ಲೇ ಒಂದು ಸಂಪುಟ ಬರೆದಿಟ್ಟಿದ್ದಾನೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಬಿ. ಕೆ. ಟಿಕಾದರ್ ಮತ್ತು ಮಲ್ಹೋತ್ರಾ 1980ರಲ್ಲಿ ತೋಳಜೇಡಗಳ ಬಗ್ಗೆಯೇ ಬರೆದಿದ್ದಾರೆ. ಇವನ್ನೆಲ್ಲ ತಿರುವಿದರೆ ನಿಮಗಿಂತ ಮೊದಲೇ ಯಾರೋ ಕೂತು ನೋಡಿದ್ದಾರೆ ಎಂಬ ಬೇಸರದ ಸಂಗತಿ ಗೊತ್ತಾಗುತ್ತದೆ. ಅಧ್ಯಯನ ಮಾಡಲೇಬೇಕೆನಿಸಿದರೆ ರಾಜ್‌ಕುಮಾರ್ ಅವರ 1968ರ ‘ಜೇಡರ ಬಲೆ’ ನೋಡಿ. ಅದು ಪತ್ತೇದಾರಿ ಸಿನಿಮಾ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

2. ಸಮಯ

ಹನ್ನೊಂದು ಗಂಟೆಯ ಮೇಲೆ ಹೊರಡಿ. ಚಹಾ ಕುಡಿದು, ಗಿರ್ಮಿಟ್ ತಿಂದು, ಬಿಸಿಲೇರಿದ ಮೇಲೆ ಹೋಗಿ. ಇದೇ ಈ ವಿದ್ಯೆಯ ಬುನಾದಿ. ಬೆಳಿಗ್ಗೆ ಆರಕ್ಕೋ ಆರೂವರೆಗೋ ಹೋದರೆ ಏನಾಗುತ್ತದೆ ಗೊತ್ತೆ? ರಾತ್ರಿಯ ಇಬ್ಬನಿ ಬಲೆಯ ಎಳೆ ಎಳೆಗೂ ಹನಿಗಟ್ಟಿರುತ್ತದೆ. ಎಳೆಬಿಸಿಲು ಅಡ್ಡ ಬಿದ್ದಾಗ ಇಡೀ ಬದುವಿನುದ್ದಕ್ಕೂ ಬಲೆಗಳು ಬೆಳ್ಳಗೆ ಎದ್ದು ಕಾಣುತ್ತವೆ. ನಿನ್ನೆ ಮಧ್ಯಾಹ್ನ ಏನೂ ಇಲ್ಲವೆಂದು ತೀರ್ಪು ಕೊಟ್ಟ ಜಾಗದಲ್ಲಿ ಮಾರಿಗೊಂದು ಬಲೆ ಕಂಡರೆ ನಿಮ್ಮ ಮಾತಿಗೆ ಏನು ಬೆಲೆ? ಬಿಸಿಲೇರಿತೆಂದರೆ ಹನಿ ಆರುತ್ತದೆ, ಬಲೆ ಕಣ್ಣಿಗೆ ಸಿಗುವುದಿಲ್ಲ. ಆಮೇಲೆ ಹೋಗಿ, ‘ಎಣ್ಣಿ ಹೊಡದು ಹೊಡದು ಜೇಡ ಎಲ್ಲಾ ಸತ್ತಾವು’ ಎಂದು ನಿಟ್ಟುಸಿರು ಬಿಡಿ.

ಬೇಗ ಏಳದಿರಲು ಇನ್ನೊಂದು ಗಟ್ಟಿ ಕಾರಣ ಹೇಳಿ: ಕಡಲೆ ಹೊಲ. ಹಿಂಗಾರಿಯಲ್ಲಿ ಕಡಲೆ ಗಿಡದ ಎಲೆಗಳು ಹುಳಿ ಸೂಸುತ್ತವೆ. ರಾತ್ರಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಶೀಶೆಗೆ ತುಂಬಿಡುವ ರೂಢಿ ಈ ಕಡೆ ಹಳೆಯದು. ಹೊಟ್ಟೆನೋವಿಗೆ ಅದು ಮನೆಮದ್ದು. ಇಬ್ಬನಿ ಹೊತ್ತಿನಲ್ಲಿ ಕಡಲೆಯ ನಡುವೆ ನಡೆದರೆ ಹಿಮ್ಮಡಿಯ ಬಿರುಕು ಚುರುಗುಟ್ಟುತ್ತದೆ. ಬದುವಿನ ಮೇಲೆ ಹೋದರೆ ಹುಳಿ ತಾಗುವುದಿಲ್ಲ ಎಂದು ಯಾರಾದರೂ ನೆನಪಿಸಿದರೆ ವಿಷಯ ಬದಲಿಸಿ.

3. ಸ್ಥಳ

ಜೇಡ ಹುಡುಕಲು ಮನೆಯ ಜಂತಿ ನೋಡಿ, ದೇವರ ಕೋಣೆಯ ಮೂಲೆ ನೋಡಿ, ಶಾಲೆಯ ಕಿಟಕಿ ನೋಡಿ. ನಮ್ಮ ಜೇಡ ಅಲ್ಲಿ ಇರುವುದಿಲ್ಲ. ಆದ್ದರಿಂದ ಅಲ್ಲಿ ಸಿಕ್ಕ ಇನ್ಯಾವುದೋ ಜೇಡಕ್ಕೆ ಇದರ ಹೆಸರು ಕೊಡಲು ಅನುಕೂಲ.

ಹೊಲಕ್ಕೆ ಹೋಗಲೇಬೇಕಾಗಿ ಬಂದರೆ ಕೆಲವು ಜಾಗ ತಪ್ಪಿಸಿ. ಕರಕಿ ಬೆಳೆದ ಬದು, ಮಲಪ್ರಭಾ ಕಾಲುವೆಯ ಏರಿ, ಕಣಿಕೆ ಬಣವೆಯ ಬುಡ, ಕಲ್ಲುಗುಪ್ಪೆ, ಇವೆಲ್ಲ ಅಪಾಯದ ಸ್ಥಳಗಳು. ನೆಲದ ಬಿರುಕಂತೂ ಇನ್ನೂ ಅಪಾಯ. ಎರೆಮಣ್ಣು ಒಣಗಿದಾಗ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಜೇಡಕ್ಕೆ ಅದು ಕಟ್ಟಿಟ್ಟ ಮನೆ. ಬಿರುಕಿನೊಳಕ್ಕೆ ರೇಷ್ಮೆಯ ಕೊಳವೆ ಇಳಿಸಿ, ಹೊರಗೆ ಹಾಸು ಹರಡಿದರೆ ಗೃಹಪ್ರವೇಶ ಮುಗಿದಂತೆ. ಬಿರುಕಿನ ಬಾಯಲ್ಲಿ ಬಿಳಿ ಕಂಡರೆ ‘ಬೂಸಲು’ ಎಂದು ಹೇಳಿ ಮುಂದೆ ನಡೆಯಿರಿ.

ನಡೆಯುವಾಗ ಕಾಲು ಬಡಿದು ನಡೆಯಿರಿ. ಈ ಜೇಡ ಲೋಕವನ್ನು ಮುಖ್ಯವಾಗಿ ಅದುರಿನಿಂದ ತಿಳಿಯುತ್ತದೆ. ಬಲೆಯ ಮೇಲೆ ನೊಣ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಗೆ ಬರುತ್ತದೆ; ಮನುಷ್ಯನ ಹೆಜ್ಜೆ ಬಿದ್ದರೆ ಅಷ್ಟೇ ವೇಗದಲ್ಲಿ ಒಳಗೆ ಹೋಗುತ್ತದೆ. ಕೊಳವೆಯ ಹಿಂದೆ ಇನ್ನೊಂದು ಬಾಗಿಲೂ ಇರುವುದರಿಂದ ಬೇಕಾದರೆ ಅಲ್ಲಿಂದಲೂ ಪಾರಾಗುತ್ತದೆ. ನಾಲ್ಕು ಜನ ಜೋರಾಗಿ ಮಾತಾಡುತ್ತ, ಮೋಟರ್‌ಸೈಕಲ್ ಬದುವಿನ ಪಕ್ಕಕ್ಕೇ ತಂದು ನಿಲ್ಲಿಸಿ. ‘ಖಾಲಿ ಬಲೆ, ಹಳೇದು’ ಎಂದು ಬರೆದುಕೊಳ್ಳಿ.

ಬಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂರಬೇಡಿ. ಕೂತವರಿಗೆ ಏನಾಗುತ್ತದೆ ಎಂಬುದಕ್ಕೆ ಒಂದು ಮಾದರಿ ಸಂಭಾಷಣೆ ಇಲ್ಲಿದೆ, ಬಾಯಿಪಾಠ ಮಾಡಿ:

‘ಯಾಕ್ರೀ ಸರ್, ರೊಕ್ಕ ಕಳಕೊಂಡೀರೇನು?’

‘ಇಲ್ಲ ಕಾಕಾ, ಜೇಡ ನೋಡಾಕತ್ತೀನಿ.’

‘ನಿಮ್ಮ ಮನ್ಯಾಗ ಒಂದೂ ಇಲ್ಲೇನು?’

ಈ ಪ್ರಶ್ನೆಗೆ ಉತ್ತರವಿಲ್ಲ. ಪ್ಯಾಂಟು ಝಾಡಿಸಿಕೊಂಡು ಎದ್ದುಬಿಡಿ.

4. ಬಲೆ

ಎಲ್ಲ ಬಲೆಯೂ ಒಂದೇ ಎಂದು ತಿಳಿಯಿರಿ. ಇದರಿಂದ ಸಮಯ ಉಳಿಯುತ್ತದೆ.

ಜಾಲಿ ಬೇಲಿಯ ಮೇಲೆ ಒಣ ಎಲೆ, ಹುಳದ ಸಿಪ್ಪೆ ಸೇರಿಸಿ ನೂರಾರು ಜೇಡಗಳು ಕೂಡುಕುಟುಂಬವಾಗಿ ಕಟ್ಟಿದ ಮಾಸಲು ಗೂಡು ಕಂಡರೆ ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ಅದು ಸ್ಟೆಗೊಡೈಫಸ್ ಎಂಬ ಸಂಘಜೀವಿ ಜೇಡ. ಅದರ ಬಲೆಗೆ ಬೆರಳು ತಾಗಿದರೆ ಉಣ್ಣೆಯಂತೆ ಹಿಡಿದುಕೊಳ್ಳುತ್ತದೆ. ಗಿಡಗಳ ನಡುವೆ ಗಾಲಿಯಾಕಾರದ ಬಲೆ ನೇಯ್ದು, ನಡುವೆ ಬಿಳಿ ಅಡ್ಡಗೆರೆ ಹೊಲಿದು, ಕಾಲುಗಳನ್ನು ಜೋಡಿ ಜೋಡಿಯಾಗಿ ಚಾಚಿ ಕೂರುವುದು ಆರ್ಜಿಯೋಪಿ. ಅದನ್ನೂ ಸೇರಿಸಿ. ಬಲೆಯೇ ಕಟ್ಟದೆ ಹೂವಿನಲ್ಲಿ ಹೊಂಚುವ ಏಡಿಜೇಡವನ್ನೂ ಬಿಡಬೇಡಿ.

ಮುಟ್ಟಿ ನೋಡುವ ಚಪಲ ಬಂದರೆ ತಡೆದುಕೊಳ್ಳಿ. ನಮ್ಮ ಬದುವಿನ ಜೇಡದ ಹಾಸಿಗೆ ಅಂಟೇ ಇಲ್ಲ. ಒಣ ಹುಲ್ಲುಕಡ್ಡಿ ಇಟ್ಟು ಎತ್ತಿದರೆ ಸಲೀಸಾಗಿ ಬರುತ್ತದೆ. ಹುಳ ಅದರ ಮೇಲೆ ಬಿದ್ದು, ಕಾಲು ಎಳೆಗಳ ನಡುವೆ ಇಳಿದು ಎಡವುತ್ತಿರುವಷ್ಟರಲ್ಲಿ ಜೇಡ ಓಡಿ ಬಂದು ಹಿಡಿಯುತ್ತದೆ. ಅಂದರೆ ಇಲ್ಲಿ ಅಂಟಿನ ಕೆಲಸವನ್ನು ಓಟ ಮಾಡುತ್ತದೆ. ಕಡ್ಡಿ ಪರೀಕ್ಷೆಗೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ, ಅರ್ಧ ನಿಮಿಷವೂ ಹಿಡಿಯುವುದಿಲ್ಲ, ತಕ್ಷಣ ಸಂಶಯ ಪರಿಹಾರವಾಗುತ್ತದೆ. ಆದ್ದರಿಂದಲೇ ಮಾಡಬೇಡಿ.

5. ಹೆದರಿಕೆ

ಈಗ ಮುಖ್ಯ ಘಟ್ಟ. ಮೊಬೈಲ್ ತೆಗೆದು ‘ಫನಲ್ ವೆಬ್ ಸ್ಪೈಡರ್’ ಎಂದು ಹುಡುಕಿ. ಮೊದಲ ಚಿತ್ರದಲ್ಲೇ ಕಪ್ಪಗೆ ಹೊಳೆಯುವ, ಕೋರೆ ತೋರಿಸುತ್ತ ಮುಂಗಾಲೆತ್ತಿ ನಿಂತ ಪ್ರಾಣಿಯೊಂದು ಬರುತ್ತದೆ. ಅಲ್ಲಿಗೇ ನಿಲ್ಲಿಸಿ. ಕೆಳಗಿನ ಬರಹ ಓದಬೇಡಿ.

ಓದಿದರೆ ಅದು ಆಸ್ಟ್ರೇಲಿಯಾದ ಸಿಡ್ನಿ ಸುತ್ತಮುತ್ತಲಿನ ಏಟ್ರಾಕ್ಸ್ ರೋಬಸ್ಟಸ್ ಎಂದು ಗೊತ್ತಾಗುತ್ತದೆ. ಅದರ ಕೋರೆಗಳು ಮೇಲಿಂದ ಕೆಳಕ್ಕೆ ಜೊತೆಯಾಗಿ ಇಳಿಯುತ್ತವೆ; ನಮ್ಮ ಬದುವಿನ ಜೇಡದವು ಎರಡೂ ಕಡೆಯಿಂದ ಚಿಮಟದಂತೆ ಕೂಡುತ್ತವೆ. ಎರಡರ ವಂಶ ಕವಲೊಡೆದು ಕೋಟ್ಯಂತರ ವರ್ಷಗಳಾಗಿವೆ. ಸಿಡ್ನಿಯ ಜೇಡದ ವಿಷಕ್ಕೂ 1981ರಲ್ಲಿ ಪ್ರತಿವಿಷ ಬಂದಿದೆ. ಆಮೇಲೆ ಅದರ ಕಡಿತದಿಂದ ಸಾವು ದಾಖಲಾಗಿಲ್ಲ. ಇಷ್ಟು ತಿಳಿದವನು ರಾತ್ರಿ ನಿದ್ದೆ ಮಾಡುತ್ತಾನೆ. ನಿದ್ದೆ ಮಾಡಿದವನು ಊರನ್ನು ಎಚ್ಚರಿಸಲಾರ.

ಹಾಗಾಗಿ ಚಿತ್ರವನ್ನಷ್ಟೇ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ‘ನಮ್ಮ ಹೊಲದಾಗೂ ಬಂದೈತಿ, ಹುಷಾರ್’ ಎಂದು ಕೆಳಗೆ ಬರೆಯಿರಿ. ಸಿಡ್ನಿಯಿಂದ ನರಗುಂದಕ್ಕೆ ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ‘ಬೀಜದ ಪಾಕೀಟಿನಾಗ’ ಎನ್ನಿ.

6. ಕಣ್ಣು

ಜೇಡದ ಕಣ್ಣು ಎಣಿಸಬೇಡಿ. ಎಂಟಿವೆ ಎಂದು ಎಲ್ಲರಿಗೂ ಗೊತ್ತು, ಅಷ್ಟಕ್ಕೇ ಬಿಡಿ. ತೊಂದರೆಯಿರುವುದು ಅವು ಕೂತಿರುವ ಸಾಲಿನಲ್ಲಿ. ನಮ್ಮ ಬದುವಿನ ಜೇಡಕ್ಕೆ ಮುಂದಿನ ಸಾಲಿನಲ್ಲಿ ನಾಲ್ಕು ಚಿಕ್ಕ ಕಣ್ಣು, ಅದರ ಮೇಲೆ ಎರಡು ದೊಡ್ಡ ಕಣ್ಣು, ಹಿಂದಕ್ಕೆ ಇನ್ನೆರಡು. ನಾಲ್ಕು-ಎರಡು-ಎರಡರ ಈ ಲೆಕ್ಕ ತೋಳಜೇಡಗಳ ಮನೆತನದ್ದು. ಆ ಮನೆತನದ ಬಹುಪಾಲು ಜೇಡಗಳು ಬಲೆಯ ಗೊಡವೆಯಿಲ್ಲದೆ ನೆಲದ ಮೇಲೆ ಓಡಾಡಿ ಬೇಟೆಯಾಡುತ್ತವೆ. ಇದಾದರೋ ಕುಲದ ಕಸುಬು ಬಿಟ್ಟು ನೇಯ್ಗೆಗೆ ಕೂತಿದೆ. ಇದರ ಹೆಸರು ಹಿಪ್ಪಾಸ; ಹಾಗೆ ಹೆಸರಿಟ್ಟವನು ಫ್ರಾನ್ಸಿನ ಯೂಜೀನ್ ಸೀಮೋ, 1885ರಲ್ಲಿ.

ಅಮೆರಿಕದ ಹುಲ್ಲುಗಾವಲಲ್ಲಿ ಇಂಥದೇ ಬಲೆ ನೇಯುವ ಅಗೆಲೆನಾಪ್ಸಿಸ್ ಎಂಬ ಜೇಡವಿದೆ. ಅದು ಬೇರೆ ಮನೆತನ. ಅದರ ಕಣ್ಣುಗಳು ಎರಡು ಬಾಗಿದ ಸಾಲಿನಲ್ಲಿ ಕೂತಿರುತ್ತವೆ. ಎರಡಕ್ಕೂ ಹಿಂಬದಿಯಲ್ಲಿ ನೂಲು ತೆಗೆಯುವ ಉದ್ದನೆಯ ಜೋಡಿ ಮೊನೆ ಎದ್ದು ಕಾಣುತ್ತದೆ. ಒಂದೇ ಕೆಲಸ ಮಾಡುವ ಇಬ್ಬರು ಒಂದೇ ಉಪಕರಣ ಹಿಡಿದಂತಾಯಿತು, ರಕ್ತಸಂಬಂಧ ಮಾತ್ರ ದೂರದ್ದು. ಅಂತರ್ಜಾಲದ ಚಿತ್ರಗಳಲ್ಲಿ ಅಮೆರಿಕದ್ದೇ ಹೆಚ್ಚು ಸಿಗುವುದರಿಂದ, ಚಿಕ್ಕನರಗುಂದದಲ್ಲಿ ಸಿಕ್ಕಿದ್ದಕ್ಕೂ ಅದೇ ಹೆಸರು ಹಚ್ಚಿ. ಕಣ್ಣು ಎಣಿಸದಿದ್ದರೆ ಯಾರೂ ನಿಮ್ಮನ್ನು ಅಲ್ಲಾಡಿಸಲಾರರು.

ಎರಡು ಸುಳಿವುಗಳಿಂದ ವಿಶೇಷವಾಗಿ ಮುಖ ತಿರುಗಿಸಿ. ಮೊದಲನೆಯದು, ತಾಯಿಜೇಡ. ದುಂಡನೆಯ ಮೊಟ್ಟೆಚೀಲವನ್ನು ಅದು ಹಿಂಬದಿಗೆ ಕಟ್ಟಿಕೊಂಡೇ ತಿರುಗುತ್ತದೆ. ಮರಿ ಹೊರಬಂದ ಮೇಲೆ ಅಷ್ಟನ್ನೂ ಬೆನ್ನ ಮೇಲೆ ಹೊರುತ್ತದೆ. ಬೆನ್ನು ತುಂಬ ಮರಿ ಹೊತ್ತ ಜೇಡ ಕಂಡರೆ ತೋಳಜೇಡವೆಂದು ತೀರ್ಮಾನಿಸಲು ಭೂತಗನ್ನಡಿಯೂ ಬೇಕಿಲ್ಲ. ‘ಮೈಗೆ ಏನೋ ರೋಗ ಬಂದೈತಿ’ ಎಂದು ಸಾಗಿಸಿ. ಎರಡನೆಯದು, ರಾತ್ರಿಯ ಬ್ಯಾಟರಿ. ಬ್ಯಾಟರಿಯನ್ನು ಹಣೆಯ ಮಟ್ಟಕ್ಕೆ ಹಿಡಿದು ಬದುವಿನ ಮೇಲೆ ಬೆಳಕು ಬಿಟ್ಟರೆ ಹುಲ್ಲಿನೊಳಗಿಂದ ಹಸಿರುಬಿಳಿ ಚುಕ್ಕಿಗಳು ಮಿನುಗುತ್ತವೆ. ಅವು ತೋಳಜೇಡದ ಕಣ್ಣುಗಳು ಬೆಳಕನ್ನು ತಿರುಗಿಸಿ ಕೊಟ್ಟದ್ದು. ಬ್ಯಾಟರಿಯನ್ನು ಯಾವಾಗಲೂ ಸೊಂಟದ ಕೆಳಗೇ ಹಿಡಿಯಿರಿ. ಆಗ ಏನೂ ಹೊಳೆಯುವುದಿಲ್ಲ, ನಿಮಗೂ.

7. ಹೆಸರು

ಕುಲದ ಹೆಸರಿಗೆ ನಿಲ್ಲುವುದು ಹೇಡಿತನ. ಪೂರ್ತಿ ಹೆಸರನ್ನೇ ಹೇಳಿ: ಹಿಪ್ಪಾಸ ಅಗೆಲೆನಾಯ್ಡಿಸ್, ಹಿಪ್ಪಾಸ ಗ್ರೀನಾಲಿಯೆ, ಹಿಪ್ಪಾಸ ಪಾರ್ಟಿಟಾ. ಮೂರರಲ್ಲಿ ಯಾವುದು ನಾಲಿಗೆಗೆ ಸಲೀಸೋ ಅದನ್ನು ಆರಿಸಿ. ಇವನ್ನು ಖಚಿತವಾಗಿ ಬೇರ್ಪಡಿಸಲು ಬಲಿತ ಹೆಣ್ಣಿನ ಹೊಟ್ಟೆಯಡಿಯ ಜನನಾಂಗವನ್ನೋ ಗಂಡಿನ ಮೂತಿಯ ಪಕ್ಕದ ಗಿಡ್ಡ ಕಾಲಿನ ತುದಿಯನ್ನೋ ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಎಂದು ಬಲ್ಲವರು ಹೇಳುತ್ತಾರೆ. ಮರಿಯಾದರೆ ಅವರೂ ಕೈಚೆಲ್ಲುತ್ತಾರೆ. ನೀವು ಚೆಲ್ಲಬೇಡಿ. ಅಲುಗಾಡಿದ ಫೋಟೊ ಒಂದನ್ನು ಹಿಡಿದು, ಮೈ ಯಾವುದು ಹುಲ್ಲು ಯಾವುದು ಎಂದು ತಿಳಿಯದಿದ್ದರೂ, ಹೆಸರು ಘೋಷಿಸಿ.

ಲೋಕದಲ್ಲಿ ಹೆಸರು ಪಡೆದ ಜೇಡಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಅಷ್ಟರಲ್ಲಿ ಒಂದು ಆಚೀಚೆಯಾದರೆ ಯಾರಿಗೆ ನಷ್ಟ? ‘ಹಿಪ್ಪಾಸದ ಯಾವುದೋ ಒಂದು ಜಾತಿ, ಇದಕ್ಕಿಂತ ಹೆಚ್ಚು ಫೋಟೊದಿಂದ ಹೇಳಲಾಗದು’ ಎನ್ನುವವರನ್ನು ಸಭೆಗೆ ಕರೆಯಬೇಡಿ. ಅಂಥವರಿಗೆ ಶಾಲು ಹೊದಿಸುವುದು ದಂಡ.

8. ಗುಳ್ಳೆ

ಮೈಮೇಲೆ ಬಂದ ಪ್ರತಿ ಗುಳ್ಳೆಯನ್ನೂ ಜೇಡದ ಖಾತೆಗೆ ಬರೆಯಿರಿ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಇರುವೆಯಷ್ಟೇ ಗಾತ್ರದ, ಕೇಸರಿ-ಕಪ್ಪು ಪಟ್ಟೆಯ ಪೀಡರಸ್ ಎಂಬ ದುಂಬಿಯೊಂದಿದೆ. ಕತ್ತಿನ ಮೇಲೆ ಕೂತಾಗ ಕೈಯಿಂದ ಉಜ್ಜಿದರೆ ಅದರ ಮೈರಸ ಚರ್ಮಕ್ಕೆ ತಾಗಿ, ಮರುದಿನ ಸುಟ್ಟಂಥ ಗೆರೆ ಏಳುತ್ತದೆ. ಇದನ್ನು ‘ಜೇಡ ಹರಿದಾಡೈತಿ’ ಎನ್ನಿ. ಸೊಂಟದ ಒಂದೇ ಬದಿಗೆ ಸಾಲಾಗಿ ಬೊಕ್ಕೆಯೆದ್ದು ಉರಿದರೆ ಅದು ಸರ್ಪಸುತ್ತು, ಹಳೆಯ ಸಿಡುಬಿನ ವೈರಾಣು ನರದಲ್ಲಿ ಮತ್ತೆ ಎದ್ದದ್ದು. ಅದಕ್ಕೆ ಬೇಗ ಶುರುಮಾಡಿದರೆ ಒಳ್ಳೆಯ ಗುಳಿಗೆಗಳಿವೆ. ಹಳೆಯ ಸಿಡುಬು ಎಂದರೆ ಇಲ್ಲಿ ಚಿಕ್ಕಂದಿನಲ್ಲಿ ಬಂದು ಹೋದ ನೀರುಸಿಡುಬು ಎಂದು ವೈದ್ಯರು ಬಿಡಿಸಿ ಹೇಳುತ್ತಾರೆ; ಕೇಳಿಸಿಕೊಳ್ಳಬೇಡಿ. ಕೆಮ್ಮಣ್ಣು ಹಚ್ಚಿ, ಜೇಡವನ್ನು ಬೈಯುತ್ತ ಒಂದು ವಾರ ಕಳೆಯಿರಿ. ವೈದ್ಯರ ಹತ್ತಿರ ಹೋಗುವ ಹೊತ್ತಿಗೆ ಗುಳಿಗೆಯ ಸಮಯ ಮೀರಿರಬೇಕು.

9. ಕ್ರಮ ಕೈಗೊಳ್ಳಿ

ಗುರುತಿಸಿದ ಮೇಲೆ ಸುಮ್ಮನಿದ್ದರೆ ಗುರುತಿಸಿ ಏನು ಬಂತು? ಪಂಪು ಹೆಗಲಿಗೇರಿಸಿ. ಬೆಳೆಗೆ ಹೊಡೆದು ಉಳಿದ ಎಣ್ಣೆಯನ್ನು ಬದುವಿಗೂ ಹೊಡೆಯಿರಿ. ಬೇಸಿಗೆಯಾದರೆ ಕಡ್ಡಿ ಗೀರಿ ಬದುವಿನ ಹುಲ್ಲಿಗೇ ಬೆಂಕಿ ಕೊಡಿ; ಬಲೆ, ಜೇಡ, ಮೊಟ್ಟೆಚೀಲ ಎಲ್ಲ ಒಂದೇ ಸಲಕ್ಕೆ ಸ್ವಚ್ಛ.

ಒಂದು ಪರಿಣಾಮಕ್ಕೆ ಸಿದ್ಧರಾಗಿರಿ. ಈ ಜೇಡ ಪ್ರತಿ ದಿನ ನೊಣ, ಪತಂಗ, ಜಿಗಿಹುಳ, ಮಿಡತೆಯ ಮರಿ ಹೀಗೆ ಬಲೆಗೆ ಬಿದ್ದದ್ದನ್ನು ತಿಂದುಕೊಂಡಿತ್ತು. ಕೂಲಿ ಕೇಳಿರಲಿಲ್ಲ, ಬುತ್ತಿಯನ್ನೂ ಕೇಳಿರಲಿಲ್ಲ. ಇನ್ನು ಆ ಹುಳಗಳಿಗೆ ಬದು ಸುರಕ್ಷಿತ. ಕೀಡೆ ಬೇಗ ಮರಳುತ್ತದೆ, ಅದನ್ನು ತಿನ್ನುವ ಜೇಡ ತಡವಾಗಿ ಮರಳುತ್ತದೆ. ನಡುವಿನ ಅವಧಿಗೆ ಗೊಬ್ಬರದ ಅಂಗಡಿಯಲ್ಲಿ ಇನ್ನೊಂದು ಡಬ್ಬಿ ಉದ್ರಿ ಬರೆಸಿ. ಅದೂ ನಾಟದಿದ್ದರೆ ಅಂಗಡಿಯವರೇ ಎರಡು ಡಬ್ಬಿ ಕೂಡಿಸಿ ಹೊಡೆಯುವ ಕ್ರಮ ಹೇಳಿಕೊಡುತ್ತಾರೆ. ಇಳುವರಿ ಕೈಕೊಟ್ಟರೆ ‘ಮೊದಲಿನಂಗ ಮಳಿ ಇಲ್ಲ’ ಎನ್ನಿ. ಇದು ಯಾವ ವರ್ಷಕ್ಕೂ ಒಪ್ಪುವ ಮಾತು.

10. ಅಡಚಣೆ ಬಂದರೆ

ಕೆಲವರು ನಿಮ್ಮ ಪಾಂಡಿತ್ಯಕ್ಕೆ ಅಡ್ಡ ಬರುತ್ತಾರೆ. ಮೊದಲನೆಯವರು ಮಕ್ಕಳು. ಶಾಲೆ ಬಿಟ್ಟ ಮೇಲೆ ಬದುವಿನ ಮೇಲೆ ಕೂತು, ಇರುವೆ ಹಿಡಿದು ಬಲೆಗೆ ಹಾಕಿ, ಜೇಡ ಎಷ್ಟು ಬೇಗ ಬರುತ್ತದೆ ಎಂದು ಪಂದ್ಯ ಕಟ್ಟುತ್ತಾರೆ. ಅಂಟುವುದಿಲ್ಲ, ಓಡಿ ಬಂದು ಹಿಡಿಯುತ್ತದೆ, ಹಿಂದಿನ ಬಾಗಿಲಿಂದ ಪಾರಾಗುತ್ತದೆ ಎಂಬುದು ಅವರಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತಿರುತ್ತದೆ. ‘ಹೋಮ್‌ವರ್ಕ್ ಮುಗೀತೇನು?’ ಎಂದು ಗದರಿ ಎಬ್ಬಿಸಿ.

ಎರಡನೆಯವರು ಕಳೆ ತೆಗೆಯಲು ಬಂದ ಅಜ್ಜಿಯರು. ಬದುವಿಗೆ ಎಣ್ಣೆ ಹೊಡೆಯಲು ನಿಂತವರನ್ನು ಕುರುಪಿ ನಿಲ್ಲಿಸಿ ಕೇಳುತ್ತಾರೆ: ‘ಇರ್ಲಿ ಬಿಡಪಾ, ಅದೇನು ನಿನ್ನ ಜ್ವಾಳ ತಿಂತೈತೇನು?’ ಈ ಪ್ರಶ್ನೆ ನಿಮ್ಮ ಹತ್ತು ಹಂತಗಳನ್ನೂ ಕೆಡವಬಲ್ಲದು. ಸಿಡ್ನಿಯ ಚಿತ್ರ ತೋರಿಸಿ. ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ಅಜ್ಜಿ ಹೇಳಿದರೆ ನಿಮ್ಮ ಪುಣ್ಯ.

ಮೂರನೆಯ ಅಡಚಣೆ ಸ್ವತಃ ಜೇಡ. ಇಷ್ಟೆಲ್ಲ ಎಚ್ಚರಿಕೆ ವಹಿಸಿಯೂ ಅಕಸ್ಮಾತ್ ಬೆಳಿಗ್ಗೆ ಆರಕ್ಕೆ ಎಚ್ಚರವಾಗಿ, ಅಕಸ್ಮಾತ್ ಬದುವಿನ ಬಳಿ ಸುಮ್ಮನೆ ಕೂತು, ಅಕಸ್ಮಾತ್ ಅದು ಹೊರಬಂದದ್ದನ್ನು ನೋಡಿಬಿಟ್ಟರೆ ಈ ಕೈಪಿಡಿಯಿಂದ ನಿಮಗೆ ಪರಿಹಾರವಿಲ್ಲ. ಗುರುತು ಹತ್ತಿಬಿಡುತ್ತದೆ. ಅದು ಮನುಷ್ಯನಿಗೆ ಅಪಾಯ ಮಾಡುವ ಜೇಡವಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಕೊನೆಯ ಸೂಚನೆ

ಇಷ್ಟಾದರೂ ಗುರುತಿಸುವ ಹುಚ್ಚು ಬಿಡದವರಿಗೆ ತೀರಾ ಸುಲಭದ ಒಂದು ಅಭ್ಯಾಸವಿದೆ. ಇದನ್ನು ಮಾತ್ರ ನಿಜವಾಗಿ ಮಾಡಿ. ಕೈಯಲ್ಲಿರುವ ಎಣ್ಣೆಯ ಡಬ್ಬಿಯನ್ನು ತಿರುಗಿಸಿ ನೋಡಿ. ಮೊನೆಯ ಮೇಲೆ ನಿಲ್ಲಿಸಿದ ಚೌಕವೊಂದು ಅದರ ಮೇಲಿರುತ್ತದೆ. ಚೌಕದ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತ್ಯಂತ ತೀವ್ರ ವಿಷ, ಹಳದಿಯಾದರೆ ತೀವ್ರ ವಿಷ, ನೀಲಿಯಾದರೆ ಮಧ್ಯಮ, ಹಸಿರಾದರೆ ಅಲ್ಪ. 1971ರ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ಈ ಗುರುತು ಇರಲೇಬೇಕು. ಇದಕ್ಕೆ ಭೂತಗನ್ನಡಿ ಬೇಡ, ಇಬ್ಬನಿ ಬೇಡ, ಕಣ್ಣು ಎಣಿಸುವುದೂ ಬೇಡ. ಬದುವಿನ ಮೇಲೆ ಹೆದರಿ ಗುರುತಿಸಬೇಕಾದದ್ದು ಇದೊಂದೇ, ಮತ್ತು ಅದನ್ನು ಅಲ್ಲಿಗೆ ಹೊತ್ತು ತಂದವರು ನೀವೇ.